ಒಗ್ಗಿತಾ, ಸಹಿಸಿಕೊಂಡರಾ? ಮೊದಲ ವರ್ಷದ ವಿದ್ಯಾರ್ಥಿಯನ್ನು ಅಳೆಯುವ ಕೆಲಸ

(ಅಧ್ಯಾಪಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ನಮಸ್ಕಾರ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ. ಮಗಳು ವಿಶ್ವವಿದ್ಯಾಲಯ ಸೇರಿ ಹತ್ತು ದಿನ ಆಗಿದೆ. ಮನೆಯಿಂದ ಅಮ್ಮ ಫೋನ್ ಮಾಡಿ ಕೇಳುತ್ತಾರೆ: "ಎಲ್ಲ ಅಡ್ಜಸ್ಟ್ ಆಯ್ತಾ?" "ಹೂಂ, ಆಯ್ತಮ್ಮಾ." ಅಮ್ಮನಿಗೆ ನೆಮ್ಮದಿ. ಮಗಳಿಗೆ ಸದ್ಯ ಬಚಾವಾದೆ ಅನ್ನುವ ಭಾವ. ನೋಡಿ, ಇದೂ ಒಂದು ಸಮೀಕ್ಷೆಯೇ. ಪ್ರಶ್ನೆ ಒಂದೇ, ಉತ್ತರವೂ ಒಂದೇ. ಕೇಳುವವರಿಗೆ ಯಾವ ಉತ್ತರ ಬೇಕು ಅನ್ನುವುದು ಹೇಳುವವರಿಗೆ ಚೆನ್ನಾಗಿ ಗೊತ್ತು.

ನಾವು ಮೊದಲ ವರ್ಷದವರ ಕೈಗೆ ಕೊಡುವ ದೊಡ್ಡ ದೊಡ್ಡ ಪ್ರಶ್ನಾವಳಿಗಳು ಈ ಫೋನ್ ಕರೆಗಿಂತ ಎಷ್ಟು ಮೇಲು? ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಅದನ್ನೇ.

ಮೊದಲು ಆ ಪದವನ್ನು ನೋಡೋಣ. ಇಂಗ್ಲಿಷಿನ 'ಅಡ್ಜಸ್ಟ್' ಕನ್ನಡಕ್ಕೆ ಬಂದ ಮೇಲೆ ಬೇರೆಯೇ ಬಾಳು ಬಾಳುತ್ತಿದೆ. ಮೂವರು ಕೂತಿರುವ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಏನರ್ಥ? ಒತ್ತಿಕೊಂಡು ಕೂರಿ, ಗೊಣಗಬೇಡಿ, ಸಹಿಸಿಕೊಳ್ಳಿ. ಮನಶ್ಶಾಸ್ತ್ರದವರು ಅಡ್ಜಸ್ಟ್‌ಮೆಂಟ್ ಅನ್ನುವುದು ಇದಕ್ಕಲ್ಲ. ಅವರು ಹೇಳುವುದಕ್ಕೆ ನಮ್ಮಲ್ಲಿ ಹತ್ತಿರದ ಪದ 'ಒಗ್ಗುವುದು'. ಈ ಪದ ನನಗೆ ಯಾಕೆ ಇಷ್ಟ ಗೊತ್ತಾ? "ಅಲ್ಲಿಯ ನೀರು ಒಗ್ಗಲಿಲ್ಲ" ಅಂದಾಗ ತಪ್ಪು ಕುಡಿದವರದೂ ಅಲ್ಲ, ನೀರಿನದೂ ಅಲ್ಲ. ಎರಡರ ನಡುವೆ ಏನೋ ಕೂಡಿಬರಲಿಲ್ಲ, ಅಷ್ಟೇ. ಒಗ್ಗುವುದಕ್ಕೆ ಇಬ್ಬರು ಬೇಕು. ಸಹಿಸಿಕೊಳ್ಳುವುದಕ್ಕೆ ಒಬ್ಬರು ಸಾಕು.

ಕಷ್ಟ ಏನೆಂದರೆ, ಒಗ್ಗಿದವರೂ ಸಹಿಸಿಕೊಂಡವರೂ ಪ್ರಶ್ನಾವಳಿಯಲ್ಲಿ ಎಷ್ಟೋ ಸಲ ಒಂದೇ ಅಂಕ ಪಡೆಯುತ್ತಾರೆ. ಇಬ್ಬರೂ ತರಗತಿಗೆ ಬರುತ್ತಾರೆ. ಇಬ್ಬರೂ ಪಾಸಾಗುತ್ತಾರೆ. "ಸಮಸ್ಯೆ ಇದೆಯೇ?" ಅಂದರೆ ಇಬ್ಬರೂ "ಇಲ್ಲ" ಅನ್ನುತ್ತಾರೆ. ಮೂರನೇ ಸೆಮಿಸ್ಟರಿಗೆ ಒಬ್ಬ ಮಾತ್ರ ಬರುತ್ತಾನೆ.

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಉಪಕರಣದ ಬಗ್ಗೆ ಹೇಳಲೇಬೇಕು. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಬೇಕರ್ ಮತ್ತು ಬೊಹ್ದಾನ್ ಸಿರಿಕ್ 1984ರಲ್ಲಿ ಒಂದು ಪ್ರಶ್ನಾವಳಿಯ ಬಗ್ಗೆ ಲೇಖನ ಪ್ರಕಟಿಸಿದರು. ಆಗ ಅದರಲ್ಲಿ 52 ಹೇಳಿಕೆಗಳಿದ್ದವು. ಆಮೇಲೆ ಬೆಳೆದು 67 ಆದವು. ಹೆಸರು ಸ್ಟೂಡೆಂಟ್ ಅಡಾಪ್ಟೇಶನ್ ಟು ಕಾಲೇಜ್ ಕ್ವೆಶ್ಚನೇರ್. ಉದ್ದ ಜಾಸ್ತಿ, ಹಾಗಾಗಿ ಎಲ್ಲರೂ ಎಸ್‌ಎಸಿಕ್ಯೂ ಅನ್ನುತ್ತಾರೆ. ಪ್ರತಿ ಹೇಳಿಕೆಯ ಮುಂದೆ ಒಂಬತ್ತು ಹಂತ ಇರುತ್ತವೆ. ಈ ಮಾತು ನನಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿ ಗುರುತು ಹಾಕಬೇಕು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು 67 ಅಲ್ಲ, 4. ಒಗ್ಗುವುದು ಒಂದೇ ವಸ್ತು ಅಲ್ಲ ಎಂದು ಅವರು ಅದನ್ನು ನಾಲ್ಕಾಗಿ ಒಡೆದರು. ಓದು ಹೇಗೆ ನಡೆಯುತ್ತಿದೆ ಅನ್ನುವುದು ಒಂದು. ಜನರ ಜೊತೆ ಹೇಗಿದ್ದೀಯ ಅನ್ನುವುದು ಇನ್ನೊಂದು. ಮನಸ್ಸು ಮತ್ತು ಮೈ ಹೇಗಿವೆ, ಅಂದರೆ ನಿದ್ದೆ, ಆಯಾಸ, ಆತಂಕ ಇಂಥವು ಮೂರನೆಯದು. ಈ ಸಂಸ್ಥೆ ನನ್ನದು, ಇಲ್ಲಿಗೆ ಬಂದಿದ್ದು ಸರಿ ಅನ್ನಿಸುತ್ತದಾ ಅನ್ನುವುದು ನಾಲ್ಕನೆಯದು.

ಈಗ ಇಬ್ಬರು ಹುಡುಗರನ್ನು ಊಹಿಸಿಕೊಳ್ಳಿ. ಒಬ್ಬ ಓದಿನಲ್ಲಿ ಮುಂದೆ, ಆದರೆ ದಿನವಿಡೀ ಯಾರ ಜೊತೆಯೂ ಒಂದು ಮಾತಿಲ್ಲ. ಇನ್ನೊಬ್ಬನ ರೂಮಿನಲ್ಲಿ ಯಾವಾಗಲೂ ನಾಲ್ಕು ಜನ, ಆದರೆ ಲೆಕ್ಚರು ಅರ್ಥವಾಗುತ್ತಿಲ್ಲ. ಒಟ್ಟು ಅಂಕ ಕೂಡಿಸಿದರೆ ಇಬ್ಬರೂ ಪಕ್ಕಪಕ್ಕ ಬಂದು ನಿಲ್ಲುತ್ತಾರೆ. ಮೊದಲನೆಯವನಿಗೆ ಟ್ಯೂಷನ್ ಕೊಟ್ಟು, ಎರಡನೆಯವನನ್ನು ಕ್ಲಬ್ಬಿಗೆ ಸೇರಿಸಿದರೆ ಹೇಗಿರುತ್ತದೆ? ಸುಮ್ನೆ ಹೇಳುತ್ತಿಲ್ಲ, ಒಟ್ಟು ಅಂಕ ಮಾತ್ರ ನೋಡುವ ಕಡೆ ಇಂಥ ಎಡವಟ್ಟು ಆಗುತ್ತದೆ.

2012ರಲ್ಲಿ ಕ್ರೆಡೆ ಮತ್ತು ನೀಹಾರ್ಸ್ಟರ್ ಎಂಬ ಸಂಶೋಧಕರು ಈ ಪ್ರಶ್ನಾವಳಿ ಬಳಸಿದ 237 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲ ಸೇರಿ 44 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಒಗ್ಗಿಕೊಳ್ಳುವುದಕ್ಕೂ ಪರೀಕ್ಷೆಯ ಅಂಕಕ್ಕೂ ನಂಟು ಇದೆ. ಆದರೆ ಈ ಅಳತೆ ಹೆಚ್ಚು ಚೆನ್ನಾಗಿ ಮುಂದಾಗಿ ತಿಳಿಸುವುದು, ವಿದ್ಯಾರ್ಥಿ ಉಳಿಯುತ್ತಾನೋ ಬಿಟ್ಟು ಹೋಗುತ್ತಾನೋ ಅನ್ನುವುದನ್ನು. ಅಂಕಪಟ್ಟಿಯೊಂದನ್ನೇ ನೋಡಿ "ಈ ಹುಡುಗ ಚೆನ್ನಾಗಿದ್ದಾನೆ" ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ವಿಷಯ. ನಾನು ಮೊದಲ ಸಲ ಇಂಥದ್ದೊಂದು ಫಾರ್ಮ್ ತಯಾರು ಮಾಡಿದಾಗ ಆದದ್ದನ್ನು ಹೇಳಿಬಿಡುತ್ತೇನೆ, ನಗಬೇಡಿ. ಪ್ರಶ್ನಾವಳಿ ಮಾಡುವವರು ಎಲ್ಲಕ್ಕೂ ಒಂದೇ ಗುರುತು ಹಾಕುತ್ತಾ ಹೋಗುವವರನ್ನು ಹಿಡಿಯಲು ಕೆಲವು ಹೇಳಿಕೆಗಳನ್ನು ತಿರುಗಿಸಿ ಬರೆಯುತ್ತಾರೆ. ಎಸ್‌ಎಸಿಕ್ಯೂದಲ್ಲೂ ಹಾಗೆ ತಿರುಗಿಸಿದ ಹೇಳಿಕೆಗಳು ತುಂಬಾ ಇವೆ. ನಾನೂ ಬುದ್ಧಿವಂತಿಕೆ ತೋರಿಸಲು ಹೋಗಿ "ನನಗೆ ಇಲ್ಲಿ ಒಂಟಿತನ ಅನ್ನಿಸುವುದಿಲ್ಲ" ಎಂದು ಬರೆದೆ. ಮುಂದೆ "ಒಪ್ಪುತ್ತೇನೆ, ಒಪ್ಪುವುದಿಲ್ಲ". ಒಂಟಿ ಅನ್ನಿಸುವ ಹುಡುಗಿ ಈಗ "ಅನ್ನಿಸುವುದಿಲ್ಲ ಅನ್ನುವುದನ್ನು ಒಪ್ಪುವುದಿಲ್ಲ" ಎಂದು ಲೆಕ್ಕ ಹಾಕಬೇಕು. ಅವಳ ಒಂಟಿತನ ಅಳೆದೆನೋ, ಕನ್ನಡ ವ್ಯಾಕರಣ ಅಳೆದೆನೋ ನನಗೇ ತಿಳಿಯಲಿಲ್ಲ. "ಎಷ್ಟೋ ಸಲ ನನ್ನ ಜೊತೆ ಮಾತಾಡಲು ಯಾರೂ ಇರುವುದಿಲ್ಲ" ಎಂದು ನೇರವಾಗಿ ಬರೆದು, "ದಿನಾ, ವಾರಕ್ಕೆ ಕೆಲವು ಸಲ, ಅಪರೂಪಕ್ಕೆ" ಎಂದು ಕೊಟ್ಟಿದ್ದರೆ ಸಾಕಿತ್ತು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಫಾರ್ಮಿನ ತಲೆಯ ಮೇಲೆ ರೋಲ್ ನಂಬರ್ ಕೇಳಿದ್ದೆ. ಫಾರ್ಮ್ ಹಂಚಿ ವಾಪಸ್ ಪಡೆದಿದ್ದು ತರಗತಿಯ ಅಧ್ಯಾಪಕರು. ಬಂದ ಉತ್ತರಗಳೆಲ್ಲ ಮದುವೆ ಮನೆಯ ಫೋಟೋ ಹಾಗಿದ್ದವು. ಎಲ್ಲರೂ ನಗುತ್ತಿದ್ದರು. ಒಬ್ಬ ವಿದ್ಯಾರ್ಥಿ ಮಾತ್ರ ಪೆನ್ನಿನಲ್ಲಿ ಅಂಚಿಗೆ ಬರೆದಿದ್ದ: "ಮೇಡಂ, ಯಾವುದಕ್ಕೆ ಹೊಂದಿಕೊಳ್ಳಬೇಕು ಅಂತ ಇದರಲ್ಲಿ ಇಲ್ಲ." ಆ ಸಮೀಕ್ಷೆಯಲ್ಲಿ ನನಗೆ ಸಿಕ್ಕ ನಿಜವಾದ ಉತ್ತರ ಅದೊಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಕಿಅಂಶದವರು ಆಲ್ಫಾ ಎಂಬ ಸಂಖ್ಯೆ ತೋರಿಸುತ್ತಾರೆ. 1951ರಲ್ಲಿ ಲೀ ಕ್ರಾನ್‌ಬಾಕ್ ಬರೆದ ಲೇಖನದಿಂದ ಅದಕ್ಕೆ ಈ ಹೆಸರು. ಪ್ರಶ್ನೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಅದು ಹೇಳುತ್ತದೆ. 0.9 ಬಂದರೆ ಎಲ್ಲರಿಗೂ ಖುಷಿ. ಒಂದೇ ಪ್ರಶ್ನೆಯನ್ನು ಐದು ರೀತಿ ತಿರುಗಿಸಿ ಕೇಳಿದರೂ ಆಲ್ಫಾ ಏರುತ್ತದೆ. ಎಲ್ಲರೂ ಒಟ್ಟಾಗಿ ಸುಳ್ಳು ಹೇಳಿದರೂ ತಾಳೆ ಚೆನ್ನಾಗಿಯೇ ಬರುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ನಾನು ಜಾಸ್ತಿ ಹೊತ್ತು ನಿಲ್ಲಬೇಕಿರುವುದು ಬೇರೊಂದು ಪ್ರಶ್ನೆಯ ಮೇಲೆ. ಏನು ಕೇಳಿದಿರಿ ಅನ್ನುವುದಲ್ಲ, ಯಾವಾಗ ಕೇಳಿದಿರಿ?

ಬರುವ ಮೊದಲೇ ಕೇಳಿದರೆ ಏನಾಗುತ್ತದೆ ನೋಡಿ. 1985ರಲ್ಲಿ ಬೇಕರ್, ಸಿರಿಕ್ ಮತ್ತು ಮೆಕ್‌ನೀಲ್ ಒಂದು ಚಂದದ ಕೆಲಸ ಮಾಡಿದರು. ತಮ್ಮ ಪ್ರಶ್ನಾವಳಿಯನ್ನೇ ಮುಂದಾಗುವುದನ್ನು ಊಹಿಸಿ ಉತ್ತರಿಸುವ ಹಾಗೆ ಬದಲಿಸಿದರು. "ನೀನು ಇಲ್ಲಿ ಹೇಗೆ ಇರುತ್ತೀಯ ಅಂದುಕೊಂಡಿದ್ದೀಯ?" ಆಮೇಲೆ ನಿಜವಾಗಿ ಹೇಗಿದ್ದಾರೆ ಎಂದು ಕೇಳಿದರು. ನಿರೀಕ್ಷೆ ಮೇಲೆ, ವಾಸ್ತವ ಕೆಳಗೆ. ಹೊಸಬರ ಈ ಭ್ರಮೆಯ ಬಗ್ಗೆ ಜಾರ್ಜ್ ಸ್ಟರ್ನ್ ಎಂಬುವರು 1966ರಲ್ಲೇ ಬರೆದಿದ್ದರು. ಬರುವ ಹುಡುಗ ಹುಡುಗಿಯರು ಎಲ್ಲ ಸಂಸ್ಥೆಗಳ ಒಳ್ಳೆಯ ಗುಣಗಳನ್ನೂ ಕೂಡಿಸಿ ಒಂದು ಕನಸಿನ ವಿಶ್ವವಿದ್ಯಾಲಯ ಕಟ್ಟಿಕೊಂಡಿರುತ್ತಾರೆ. ಅಂಥದ್ದು ಎಲ್ಲೂ ಇಲ್ಲ. ಹಾಗಾಗಿ ಮೊದಲ ತಿಂಗಳು ಪ್ರಶ್ನಾವಳಿಯ ಅಂಕ ಇಳಿದರೆ ಅದು ಕಾಯಿಲೆ ಅಲ್ಲ. ಕನಸು ಸಣ್ಣದಾಗುತ್ತಿದೆ, ಅಷ್ಟೇ.

ಬಂದ ಮೇಲೆ ಒಂದೇ ಸಲ ಕೇಳಿದರೆ ಇನ್ನೊಂದು ತೊಂದರೆ. ಮೊದಲ ವರ್ಷದ ಹುಡುಗಿಗೆ ನಿದ್ದೆ ಬರುತ್ತಿಲ್ಲ ಎಂದು ಫಾರ್ಮ್ ಹೇಳುತ್ತದೆ. ಮನೆ ಬಿಟ್ಟು ಬಂದಿದ್ದಕ್ಕಾ? ಅಥವಾ ಮೊದಲೂ ಹೀಗೇ ಇತ್ತಾ? ಶರ್ಲಿ ಫಿಶರ್ ಮತ್ತು ಬ್ರೂಸ್ ಹುಡ್ 1987ರಲ್ಲಿ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನ ಇದನ್ನು ಸರಿಯಾಗಿ ಮಾಡಿತು. ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಬರುವುದಕ್ಕೆ ಎರಡು ತಿಂಗಳು ಮೊದಲು ಒಮ್ಮೆ ಅಳೆದರು. ಬಂದ ಆರನೇ ವಾರ ಮತ್ತೆ ಅಳೆದರು. ಮನೆ ಬಿಟ್ಟು ಬಂದವರನ್ನಷ್ಟೇ ಅಲ್ಲ, ಮನೆಯಿಂದಲೇ ಓಡಾಡುವವರನ್ನೂ ಅಳೆದರು. ಗೊತ್ತಾದದ್ದೇನು? ಎರಡೂ ಗುಂಪಿನಲ್ಲಿ ಮನಸ್ಸಿನ ತಳಮಳ ಹೆಚ್ಚಿತ್ತು, ಮರೆವೂ ಹೆಚ್ಚಿತ್ತು. ಅಂದರೆ ಮನೆಯಲ್ಲೇ ಮಲಗುವ ವಿದ್ಯಾರ್ಥಿಗೂ ಬದಲಾವಣೆಯ ಭಾರ ಇದೆ. ನಾವು ಏನು ಮಾಡುತ್ತೇವೆ? ಎಲ್ಲ ಗಮನವನ್ನೂ ಹಾಸ್ಟೆಲ್ಲಿಗೆ ಕೊಡುತ್ತೇವೆ. ದಿನಾ ಎರಡು ತಾಸು ಓಡಾಡುವ ಹುಡುಗನನ್ನು "ಅವನಿಗೇನು, ಮನೆಯಲ್ಲೇ ಇದ್ದಾನಲ್ಲ" ಅನ್ನುತ್ತೇವೆ.

ಹೊಸ ಜಾಗಕ್ಕೆ ಹೋದವರ ಮನಸ್ಥಿತಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಇಳಿದು ಏರುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಓರಿಯಂಟೇಶನ್ ಸ್ಲೈಡುಗಳಲ್ಲಿ ಆ ಗೆರೆ ಇದ್ದೇ ಇರುತ್ತದೆ. ಅದರ ಮೂಲ ಎಲ್ಲಿ? ನಾರ್ವೆಯ ಸ್ವೆರ್ರೆ ಲಿಸ್‌ಗಾರ್ಡ್ 1955ರಲ್ಲಿ ಪ್ರಕಟಿಸಿದ ಕೆಲಸದಲ್ಲಿ. ಫುಲ್‌ಬ್ರೈಟ್ ಸಹಾಯ ಪಡೆದು ಅಮೆರಿಕಕ್ಕೆ ಹೋಗಿದ್ದ 200 ನಾರ್ವೆಯವರನ್ನು ಅವರು ಮಾತಾಡಿಸಿದ್ದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಖುಷಿಯಾಗಿದ್ದರು. 18 ತಿಂಗಳಿಗಿಂತ ಜಾಸ್ತಿ ಇದ್ದವರೂ ಚೆನ್ನಾಗಿದ್ದರು. ನಡುವಿನವರು ಅಷ್ಟು ಚೆನ್ನಾಗಿರಲಿಲ್ಲ. ಗೆರೆ ಸೊಗಸಾಗಿ ಬಂತು. ಆದರೆ ಗಮನಿಸಿ: ಇವರು ಮೂರು ಬೇರೆ ಬೇರೆ ಗುಂಪುಗಳು. ಒಬ್ಬನೇ ಮನುಷ್ಯ ಇಳಿದು ಏರಿದ್ದನ್ನು ಅಲ್ಲಿ ಯಾರೂ ಹಿಂಬಾಲಿಸಿ ನೋಡಿಲ್ಲ. ಮೂವರು ಬೇರೆ ಬೇರೆ ಜನರ ಫೋಟೋ ಸಾಲಾಗಿ ಇಟ್ಟು ಒಬ್ಬನ ಜೀವನಚರಿತ್ರೆ ಅಂದ ಹಾಗೆ. ಆ ಗೆರೆ ನಂಬಿ "ಇನ್ನೆರಡು ತಿಂಗಳು ತಡಿ, ತಾನಾಗೇ ಏರುತ್ತದೆ" ಎಂದು ಹೇಳುವುದು ನನಗಂತೂ ಭಯ ಹುಟ್ಟಿಸುತ್ತದೆ. ಕೆಲವರದು ಏರುತ್ತದೆ. ಕೆಲವರದು ಮೊದಲಿಂದ ಕೊನೆಯವರೆಗೆ ನೆಟ್ಟಗೆ ಇರುತ್ತದೆ. ಕೆಲವರದು ಇಳಿಯುತ್ತಲೇ ಹೋಗುತ್ತದೆ. ಸರಾಸರಿ ತೆಗೆದರೆ ಮೂರನೆಯವರು ಮೊದಲಿನವರ ಹಿಂದೆ ಮರೆಯಾಗುತ್ತಾರೆ.

ಒಬ್ಬೊಬ್ಬರನ್ನೇ ವಾರವಾರ ಹಿಂಬಾಲಿಸುವುದು ಸಾಧ್ಯವಾ? ಫೋನ್ ಬಂದ ಮೇಲೆ ಅದನ್ನೂ ಮಾಡಿದ್ದಾರೆ. 2013ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಒಂದು ಕೋರ್ಸಿನ ವಿದ್ಯಾರ್ಥಿಗಳ ಆಂಡ್ರಾಯ್ಡ್ ಫೋನಿಗೆ ಒಂದು ಆ್ಯಪ್ ಹಾಕಿದರು. ಹತ್ತು ವಾರ ಅವರ ನಿದ್ದೆ, ಓಡಾಟ, ಸುತ್ತ ಮಾತುಕತೆ ನಡೆದ ಹೊತ್ತು ಎಲ್ಲವನ್ನೂ ಫೋನೇ ಲೆಕ್ಕ ಇಟ್ಟಿತು. ಅವರೆಲ್ಲ ಮೊದಲ ವರ್ಷದವರಲ್ಲ, ಆದರೂ ಚಿತ್ರ ನಮಗೆಲ್ಲ ಗುರುತು ಸಿಗುವಂಥದ್ದೇ. ಟರ್ಮ್ ಶುರುವಿನಲ್ಲಿ ಮಾತು ಜಾಸ್ತಿ, ನಿದ್ದೆ ಚೆನ್ನಾಗಿ, ಒತ್ತಡ ಕಡಿಮೆ. ಕೆಲಸ ಏರುತ್ತಾ ಹೋದ ಹಾಗೆ ಒತ್ತಡ ಏರಿತು. ನಿದ್ದೆ, ಮಾತು, ಓಡಾಟ ಮೂರೂ ಇಳಿದವು. ಈಗ ಹೇಳಿ, ನಿಮ್ಮ ಸಮೀಕ್ಷೆ ಎರಡನೇ ವಾರದ್ದೋ, ಎಂಟನೇ ವಾರದ್ದೋ? ಅದರ ಮೇಲೆ ವಿದ್ಯಾರ್ಥಿ "ಒಗ್ಗಿದವಳು" ಆಗುತ್ತಾಳೆ ಅಥವಾ "ಒಗ್ಗದವಳು" ಆಗುತ್ತಾಳೆ. ಹುಡುಗಿ ಅವಳೇ.

ಫೋನಿನ ದಾರಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇಪ್ಪತ್ತನಾಲ್ಕು ಗಂಟೆ ಜೇಬಿನಲ್ಲಿ ಕಾವಲುಗಾರನನ್ನು ಇಟ್ಟುಕೊಂಡು ಯಾರು ತಾನೇ ಸಹಜವಾಗಿ ಇರುತ್ತಾರೆ? ಆದರೆ ಆ ಅಧ್ಯಯನದಲ್ಲೇ ಇನ್ನೊಂದು ಸಂಗತಿ ಇದೆ. ಶುರು ಮಾಡಿದವರು 60 ಜನ. ಕೊನೆಗೆ ಉಳಿದವರು 48. ಕೆಲವರು ಅಧ್ಯಯನ ಬಿಟ್ಟರು, ಕೆಲವರು ಆ ಕೋರ್ಸನ್ನೇ ಬಿಟ್ಟರು. ಇದು ಅವರ ತಪ್ಪಲ್ಲ, ಎಲ್ಲ ಕಡೆಯೂ ಹೀಗೇ. ಆದರೆ ನಮ್ಮ ವಿಷಯಕ್ಕೆ ಇದು ಬಹಳ ದೊಡ್ಡದು. ಒಗ್ಗದವರೇ ಮೊದಲು ಬಿಟ್ಟು ಹೋಗುವವರು. ಎರಡನೇ ಸೆಮಿಸ್ಟರಿನಲ್ಲಿ ಫಾರ್ಮ್ ಹಂಚಿದರೆ ತುಂಬುವವರು ಯಾರು? ಉಳಿದವರು. ಸರಾಸರಿ ಏರಿದೆ ಎಂದು ವರದಿ ಬರೆಯುತ್ತೇವೆ. ಯಾರೂ ಸುಧಾರಿಸದೇ ಇದ್ದರೂ, ಕಷ್ಟಪಡುತ್ತಿದ್ದವರು ಹೊರಟುಹೋದರೆ ಸರಾಸರಿ ತಾನಾಗಿ ಏರುತ್ತದೆ. ಹಾಗಾಗಿ ಫಾರ್ಮ್ ವಾಪಸ್ ಕೊಡದವರ ಪಟ್ಟಿಯನ್ನು ನಾನು ಮೊದಲು ನೋಡುತ್ತೇನೆ. ಮೊದಲ ಸಲ ತುಂಬಿ ಎರಡನೇ ಸಲ ತುಂಬದವರು ಯಾರು? ಅವರ ಹಾಜರಿ ಹೇಗಿದೆ? ವಾರ್ಡನ್‌ಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಶುಕ್ರವಾರ ಬೆಳಿಗ್ಗೆಯೇ ಊರಿಗೆ ಹೊರಟು ಮಂಗಳವಾರ ಬರುವವರು ಯಾರು ಅಂತ ನಿಮ್ಮ ರಿಜಿಸ್ಟರಿನಲ್ಲೇ ಇದೆ ಅಲ್ವಾ?

ಕೆಲವರು ಮನಸ್ಸಿನ ಆರೋಗ್ಯದ ಪ್ರಶ್ನೆಗಳನ್ನೂ ಸೇರಿಸಿಬಿಡೋಣ ಅನ್ನುತ್ತಾರೆ. ಪಿಎಚ್‌ಕ್ಯೂ-9 ಎಂಬುದು ಖಿನ್ನತೆ ಇದೆಯೇ ಎಂದು ನೋಡಲು 2001ರಲ್ಲಿ ಬಂದ ಚಿಕ್ಕ ಪ್ರಶ್ನಾವಳಿ. ಒಂಬತ್ತೇ ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಅಂಕ 0ರಿಂದ 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿಚಾರಿಸಿ ನೋಡಬೇಕು ಅನ್ನುತ್ತಾರೆ. ಸುಲಭ, ಉಚಿತ, ಎಲ್ಲರಿಗೂ ಇಷ್ಟ. ಆದರೆ ಅದರ ಒಂಬತ್ತನೇ ಪ್ರಶ್ನೆ ಸಾವಿನ ಮತ್ತು ತನಗೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಬ್ಬಳು ಅದಕ್ಕೆ "ಹೆಚ್ಚುಕಡಿಮೆ ದಿನಾ" ಎಂದು ಗುರುತು ಹಾಕಿ ಕೊಟ್ಟಳು ಅಂತಿಟ್ಟುಕೊಳ್ಳಿ. ನಿಮ್ಮ ಫಾರ್ಮ್‌ಗಳು ಕಪಾಟಿನಲ್ಲಿ ಕೂತು, ಮುಂದಿನ ತಿಂಗಳು ಯಾರೋ ಕಂಪ್ಯೂಟರಿಗೆ ಹಾಕುತ್ತಾರೆ ಅಂದರೆ? ಅವಳು ಹೇಳಿದ್ದಾಳೆ. ನೀವು ಕೇಳಿಸಿಕೊಂಡಿಲ್ಲ. ಅವತ್ತೇ ಓದಿ, ಅವತ್ತೇ ಹೋಗಿ ಮಾತಾಡಿಸುವ, ತರಬೇತಿ ಇರುವ ಮನುಷ್ಯ ಇಲ್ಲದಿದ್ದರೆ ದಯವಿಟ್ಟು ಆ ಪ್ರಶ್ನೆ ಹಂಚಬೇಡಿ. ಮೊದಲು ಆ ಮನುಷ್ಯನನ್ನು ನೇಮಿಸಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಈಗ ಆ ಹುಡುಗ ಅಂಚಿನಲ್ಲಿ ಬರೆದ ಮಾತಿಗೆ ಬರುತ್ತೇನೆ. ಯಾವುದಕ್ಕೆ ಹೊಂದಿಕೊಳ್ಳಬೇಕು?

ವಿದ್ಯಾರ್ಥಿಗಳು ಯಾಕೆ ಓದು ಬಿಡುತ್ತಾರೆ ಎಂಬುದಕ್ಕೆ 1975ರಲ್ಲಿ ವಿನ್ಸೆಂಟ್ ಟಿಂಟೊ ಒಂದು ಸಿದ್ಧಾಂತ ಕೊಟ್ಟರು. ಓದಿನ ಲೋಕದಲ್ಲೂ ಜನರ ಲೋಕದಲ್ಲೂ ಬೆರೆತವರು ಉಳಿಯುತ್ತಾರೆ, ಬೆರೆಯದವರು ಹೋಗುತ್ತಾರೆ. ಆಮೇಲೆ ಅವರು ಇದಕ್ಕೆ ಹಳೆಯ ಮಾನವಶಾಸ್ತ್ರದ ಒಂದು ವಿಚಾರವನ್ನು ಜೋಡಿಸಿದರು: ಹಳೆಯದರಿಂದ ಬಿಡಿಸಿಕೊಳ್ಳುವುದು, ದಾಟುವುದು, ಹೊಸದರಲ್ಲಿ ಸೇರುವುದು. ಕೇಳಲು ಸರಿಯಾಗೇ ಇದೆ. 1992ರಲ್ಲಿ ವಿಲಿಯಂ ಟಿಯರ್ನಿ ಇದಕ್ಕೆ ಆಕ್ಷೇಪ ಎತ್ತಿದರು. ಅಂಥ ದಾಟುವ ಆಚರಣೆಗಳು ಒಂದೇ ಸಮಾಜದ ಒಳಗೆ ನಡೆಯುವಂಥವು. ವಿಶ್ವವಿದ್ಯಾಲಯಕ್ಕೆ ಬರುವ ಎಷ್ಟೋ ಮಕ್ಕಳು ಬೇರೆಯೇ ಸಮಾಜದಿಂದ ಬರುತ್ತಾರೆ. ಅವರಿಗೆ "ಹಳೆಯದನ್ನು ಬಿಡು, ಆಗ ಒಗ್ಗುತ್ತೀಯ" ಎಂದು ಹೇಳುವುದು ಯಾವ ನ್ಯಾಯ?

ನಮ್ಮ ಪ್ರಶ್ನಾವಳಿಗಳ ಹೇಳಿಕೆಗಳನ್ನು ಈ ಕಣ್ಣಿನಿಂದ ಓದಿ. "ನಾನು ಮನೆಯನ್ನು ಪದೇಪದೇ ನೆನೆಯುತ್ತೇನೆ" ಅಂದರೆ ಅಂಕ ಕಡಿತ. ಆದರೆ ದಿನಾ ರಾತ್ರಿ ಅಜ್ಜಿ ಜೊತೆ ಹತ್ತು ನಿಮಿಷ ಮಾತಾಡುವ ಹುಡುಗಿಗೆ ಆ ಮಾತೇ ಆಸರೆ ಇರಬಹುದು. ನೆನಪು ಕಾಡುವುದು ಬೇರೆ, ನೆನಪು ಕಾಯುವುದು ಬೇರೆ. ಮತ್ತೆ ಎಲ್ಲ ಹೇಳಿಕೆಗಳೂ "ನಾನು" ಎಂದೇ ಶುರುವಾಗುತ್ತವೆ. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಅಧ್ಯಾಪಕರು ಪ್ರಶ್ನೆ ಕೇಳಿದವರನ್ನು ಗದರುತ್ತಾರಾ, ಫೀಸಿನ ಗೊಂದಲ ಬಗೆಹರಿಸಲು ಎಷ್ಟು ಕೌಂಟರ್ ಅಲೆಯಬೇಕು, ಇವು ಯಾವುವೂ ಅಲ್ಲಿಲ್ಲ. ಒಗ್ಗುವುದಕ್ಕೆ ಇಬ್ಬರು ಬೇಕು ಅಂದೆನಲ್ಲ, ನಾವು ಒಬ್ಬರನ್ನು ಮಾತ್ರ ತೂಕಕ್ಕೆ ಹಾಕುತ್ತಿದ್ದೇವೆ. ಈಗ ನಾನು ಫಾರ್ಮ್ ಮಾಡುವಾಗ ಅರ್ಧ ಪ್ರಶ್ನೆಗಳನ್ನು ಸಂಸ್ಥೆಯ ಬಗ್ಗೆಯೇ ಇಡುತ್ತೇನೆ. "ಕಳೆದ ತಿಂಗಳು ಸಹಾಯ ಕೇಳಲು ಹೋಗಿ ಬರಿಗೈಲಿ ವಾಪಸ್ ಬಂದಿದ್ದೀರಾ? ಎಲ್ಲಿಂದ?" ಇದಕ್ಕೆ ಬರುವ ಉತ್ತರಗಳನ್ನು ಓದುವುದು ಕಚೇರಿಯವರಿಗೆ ಖುಷಿ ಕೊಡುವುದಿಲ್ಲ. ಫಾರ್ಮ್‌ನಿಂದ ಆ ಪ್ರಶ್ನೆ ತೆಗೆಯಿರಿ ಎಂದು ನನಗೆ ಒಮ್ಮೆ ಹೇಳಿದ್ದೂ ಉಂಟು.

ಇನ್ನೊಂದು ಮಾತು. ಒಂಟಿ ಅನ್ನಿಸಿದ ವಾರವನ್ನು ವಿದ್ಯಾರ್ಥಿ ತಾನೇ ಹೇಗೆ ಓದಿಕೊಳ್ಳುತ್ತಾಳೆ ಅನ್ನುವುದೂ ಮುಖ್ಯ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊದಲ ವರ್ಷದವರಿಗೆ ಸುಮಾರು ಒಂದು ಗಂಟೆಯ ಚಟುವಟಿಕೆ ಕೊಟ್ಟರು. "ನಾನು ಇಲ್ಲಿಯವನಲ್ಲ ಅಂತ ಮೊದಲು ಎಲ್ಲರಿಗೂ ಅನ್ನಿಸುತ್ತದೆ, ಕಾಲ ಕಳೆದ ಹಾಗೆ ಹೋಗುತ್ತದೆ" ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವ ಓದಿಸಿ, ಅದರ ಬಗ್ಗೆ ಬರೆಸಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರಿದವು. ಅವರ ಕೆಟ್ಟ ದಿನಗಳು ಮಾಯವಾಗಲಿಲ್ಲ. ಕೆಟ್ಟ ದಿನಕ್ಕೆ "ನಾನು ಇಲ್ಲಿಗೆ ತಕ್ಕವನಲ್ಲ" ಎಂಬ ಅರ್ಥ ಹಚ್ಚುವುದು ಕಡಿಮೆಯಾಯಿತು. ಅಂಕ ಕೇಳುವ ಫಾರ್ಮಿನಲ್ಲಿ "ಹೀಗೆ ಯಾಕೆ ಆಯಿತು ಅನ್ನಿಸುತ್ತದೆ?" ಎಂದು ಎರಡು ಸಾಲು ಜಾಗ ಬಿಡಿ. ನಾನು ಕಲಿತದ್ದೆಲ್ಲ ಆ ಸಾಲುಗಳಿಂದಲೇ.

ಮಾತು ಮುಗಿದ ಮೇಲೆ ವಾರ್ಡನ್ ಒಬ್ಬರು ಕೇಳಿದರು: "ಮೇಡಂ, ಇಷ್ಟೆಲ್ಲ ಮಾಡಲು ನಮಗೆ ಜನ ಇಲ್ಲ. ಒಂದೇ ಪ್ರಶ್ನೆ ಕೇಳಬಹುದು ಅಂದರೆ ಏನು ಕೇಳುತ್ತೀರಿ?" ಒಳ್ಳೆಯ ಪ್ರಶ್ನೆ. ಸ್ವಲ್ಪ ಯೋಚಿಸಿ ಹೇಳಿದೆ: "ನಾಳೆ ನೀವು ಕ್ಲಾಸಿಗೆ ಬರದಿದ್ದರೆ ಯಾರು ವಿಚಾರಿಸುತ್ತಾರೆ? ಅವರ ಹೆಸರು ಬರೆಯಿರಿ. ಮೂರನೇ ವಾರ ಒಮ್ಮೆ, ಹತ್ತನೇ ವಾರ ಒಮ್ಮೆ ಕೇಳಿ." ಅವರು ಬರೆದುಕೊಂಡರು. ಆಮೇಲೆ ತಲೆಯೆತ್ತಿ, "ಖಾಲಿ ಬಿಟ್ಟರೆ?" ಅಂದರು.

"ಅವತ್ತು ಸಂಜೆ ನೀವೇ ರೂಮಿಗೆ ಹೋಗಿ ಬಾಗಿಲು ತಟ್ಟಿ" ಅಂದೆ.